ಕಿವಿಯಿಂದ ನೋಡಬೇಕಾದ ಪ್ರಾಣಿಗಳು: ಬೀಜಿಂಗಿನಲ್ಲಿ ನಾಲ್ಕು ದಿನ

ಮೊದಲನೆಯ ದಿನ, ಭಾನುವಾರ

ಬೆಂಗಳೂರಿನಿಂದ ಹೊರಟು ಹಾಂಗ್‌ಕಾಂಗಿನಲ್ಲಿ ವಿಮಾನ ಬದಲಿಸಿ ನಾವು ಬೀಜಿಂಗ್ ತಲುಪಿದಾಗ ಅಲ್ಲಿ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ನನ್ನ ಕೈಗಡಿಯಾರ ಮಾತ್ರ ಇನ್ನೂ ಹನ್ನೆರಡೂವರೆಯಲ್ಲೇ ಇತ್ತು. ನವೆಂಬರ್ ತಿಂಗಳ ಚಳಿ ಆಗಲೇ ಕಾಲಿಟ್ಟಿತ್ತು, ಬೀದಿಬದಿಯ ಗಿಂಕ್ಗೊ ಮರಗಳು ಅರಿಸಿನದ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತಿದ್ದವು. ಇಲ್ಲಿ ಎರಡು ವರ್ಷಗಳಿಂದ ಚೀನೀ ಭಾಷೆ ಓದುತ್ತಿರುವ ಮಗಳು ನಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದಳು.

ಅವಳ ಕೋಣೆಯ ಮೇಜಿನ ಮೇಲೆ ಹೆಬ್ಬೆರಳಿನಷ್ಟು ಎತ್ತರದ, ತಾಮ್ರದ ಮೇಲೆ ಗಾಜಿನ ಬಣ್ಣ ಕರಗಿಸಿ ಕೂರಿಸಿದ ಒಂದು ಎನಾಮೆಲ್ ಡಬ್ಬಿ ಇತ್ತು. ಅದರ ನೀಲಿ ಮೈಮೇಲೆ ಚಿನ್ನದ ಬಣ್ಣದ ತಂತಿಯಿಂದ ಗೆರೆ ಕಟ್ಟಿದ ಐದು ಕೆಂಪು ಜೀವಿಗಳು ರೆಕ್ಕೆ ಬಿಚ್ಚಿಕೊಂಡಿದ್ದವು. ನನ್ನ ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಎಷ್ಟು ಮುದ್ದಾಗಿವೆ ಈ ಚಿಟ್ಟೆಗಳು" ಎಂದಳು.

"ಅಮ್ಮಾ, ಅವು ಚಿಟ್ಟೆ ಅಲ್ಲ, ಬಾವಲಿಗಳು."

ಡಬ್ಬಿ ಮರುಕ್ಷಣವೇ ಮೇಜಿನ ಮೇಲಿತ್ತು. ಬಾವಲಿ ಮನೆಯೊಳಗೆ ಬಂದರೆ ಕೇಡು ಎಂದು ಕೇಳಿಕೊಂಡೇ ಬೆಳೆದವಳು ಅವಳು. ಮಗಳು ನಗುತ್ತಾ ವಿವರಿಸಿದಳು: ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನಲ್ಲಿ ಬರುವ 'ಫೂ' ಎಂಬ ಉಚ್ಚಾರಣೆಯೇ ಭಾಗ್ಯ ಎಂಬ ಪದಕ್ಕೂ ಇದೆ, ಬರೆಯುವ ಅಕ್ಷರ ಬೇರೆ, ಕಿವಿಗೆ ಎರಡೂ ಒಂದೇ. ಐದು ಬಾವಲಿಗಳೆಂದರೆ ಐದು ಭಾಗ್ಯಗಳು: ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ ಮತ್ತು ನೆಮ್ಮದಿ, ಸದ್ಗುಣದ ಮೇಲಿನ ಪ್ರೀತಿ, ಸಹಜವಾದ ಸಾವು. ಕೆಂಪು ಬಾವಲಿಯಾದರೆ ಇನ್ನೂ ಮೇಲು, ಏಕೆಂದರೆ ಕೆಂಪು ಎಂಬ ಪದವೂ ಅಪಾರ ಎಂಬ ಪದವೂ 'ಹೊಂಗ್' ಎಂದೇ ಕೇಳಿಸುತ್ತವೆ.

ನಮ್ಮ ಕಾವ್ಯಗಳಲ್ಲಿ ಇದಕ್ಕೆ ಶ್ಲೇಷೆ ಎನ್ನುತ್ತಾರೆ. 'ಹರಿ' ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕೋತಿಯೂ ಹೌದು, ಕಪ್ಪೆಯೂ ಹೌದು. ನಮ್ಮ ಕವಿಗಳು ಶ್ಲೇಷೆಯನ್ನು ಪದ್ಯದಲ್ಲಿ ಕಟ್ಟಿದರೆ ಇವರು ಅದನ್ನು ತಾಮ್ರದ ಮೇಲೆ ತಂತಿಯಲ್ಲಿ ಕಟ್ಟಿದ್ದಾರೆ ಎಂಬುದು ಆ ಸಂಜೆಯೇ ನನ್ನ ತಲೆಯನ್ನು ಹೊಕ್ಕಿತು. ಉಳಿದ ಮೂರು ದಿನವೂ ಅದು ಇಳಿಯಲಿಲ್ಲ.

ಊಟಕ್ಕೆ ಮುಂಚೆ ಹೋಟೆಲಿನ ಹತ್ತಿರದ ಗಲ್ಲಿಗಳಲ್ಲಿ ಸುತ್ತಾಡುವಾಗ ಒಂದು ಅಂಗಡಿಯಲ್ಲಿ ಬೆನ್ನ ಮೇಲೆ ಹೂಜಿ ಹೊತ್ತ ಪುಟ್ಟ ಆನೆಯೊಂದು ಕಣ್ಣಿಗೆ ಬಿತ್ತು. "ಅಪ್ಪ, ನಾಳೆ ಕಾರ್ಖಾನೆ ನೋಡಿದ ಮೇಲೆ ತಗೊಳ್ಳಿ" ಎಂದು ಮಗಳು ಹೇಳಿದರೂ ಕೇಳದೆ, ನಾನೂರು ಯುವಾನ್ ಹೇಳಿದ್ದನ್ನು ಇನ್ನೂರ ಅರವತ್ತಕ್ಕೆ ಇಳಿಸಿ ಕೊಂಡುಕೊಂಡೆ. ಮೈಸೂರಿನವನಿಗೆ ಆನೆ ಕಂಡ ಮೇಲೆ ತಾಳ್ಮೆ ಎಲ್ಲಿಂದ ಬರಬೇಕು?

ಎರಡನೆಯ ದಿನ, ಸೋಮವಾರ

ಸೋಮವಾರ ಚೀನೀ ಚಕ್ರವರ್ತಿಗಳ ಹಳೆಯ ಅರಮನೆಗೆ, ಅಂದರೆ 'ನಿಷೇಧಿತ ನಗರ'ಕ್ಕೆ, ರಜೆ. ಆದ್ದರಿಂದ ಮೆಟ್ರೋ ಹಿಡಿದು ನಗರದ ದಕ್ಷಿಣಕ್ಕಿರುವ ಬೀಜಿಂಗ್ ಎನಾಮೆಲ್ ಕಾರ್ಖಾನೆಗೆ ಹೋದೆವು. ನಾವು ಇಳಿದ ನಿಲ್ದಾಣದ ಹೆಸರು 'ಜಿಂಗ್‌ತಾಯ್'. ಈ ಕಲೆಯ ಹೆಸರು 'ಜಿಂಗ್‌ತಾಯ್‌ಲಾನ್', ಅಂದರೆ ಜಿಂಗ್‌ತಾಯ್ ನೀಲಿ. ಜಿಂಗ್‌ತಾಯ್ ಎಂಬುದು ಮಿಂಗ್ ವಂಶದ ಒಬ್ಬ ಚಕ್ರವರ್ತಿಯ ಆಳ್ವಿಕೆಯ ಹೆಸರು. 1449ರಲ್ಲಿ ಅಣ್ಣ ಮಂಗೋಲರ ಕೈಗೆ ಸೆರೆಸಿಕ್ಕಿದ್ದರಿಂದ ಪಟ್ಟಕ್ಕೆ ಬಂದ ಈತ, 1457ರಲ್ಲಿ ಆ ಅಣ್ಣನಿಂದಲೇ ಪದಚ್ಯುತನಾದ. ಗಟ್ಟಿಯಾಗಿ ಎಂಟು ವರ್ಷವೂ ಆಳದವನ ಹೆಸರು ತಾಮ್ರದ ಹೂಜಿಗಳ ಮೇಲೆ ಶಾಶ್ವತವಾಗಿ ಕೂತಿದೆ. ಆದರೆ ಕಲೆ ಅವನ ಕಾಲದ್ದಲ್ಲ. ತಂತಿಮನೆಗಳಲ್ಲಿ ಎನಾಮೆಲ್ ತುಂಬುವ ಈ ವಿದ್ಯೆ ಮಿಂಗರಿಗಿಂತ ಹಿಂದೆ ಚೀನಾವನ್ನು ಆಳಿದ ಮಂಗೋಲರ ಯುವಾನ್ ವಂಶದ ಕಾಲಕ್ಕೆ, ಅವರು ತೆರೆದಿಟ್ಟ ದಾರಿಗಳಲ್ಲಿ ಪಶ್ಚಿಮದಿಂದ ಬಂದದ್ದು. ಹದಿನಾಲ್ಕನೆಯ ಶತಮಾನದ ಚೀನೀ ಬರಹಗಳು ಇದನ್ನು ಅರಬರ ನಾಡಿನ ಸರಕೆಂದೇ ಕರೆಯುತ್ತವೆ. ಜಿಂಗ್‌ತಾಯ್‌ಗಿಂತ ಹಿಂದಿನ ಶುವಾಂದ ಚಕ್ರವರ್ತಿಯ (1426–1435) ಮುದ್ರೆಯುಳ್ಳ, ಮೈತುಂಬ ಡ್ರ್ಯಾಗನ್ ಸುತ್ತಿಕೊಂಡ ದೊಡ್ಡ ಜಾಡಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಕಾರ್ಖಾನೆ 1956ರಲ್ಲಿ ಸಣ್ಣ ಸಣ್ಣ ಖಾಸಗಿ ಕಮ್ಮಟಗಳನ್ನು ಒಟ್ಟುಗೂಡಿಸಿ ಹುಟ್ಟಿದ್ದು. ಈ ಕಸುಬು 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿತು. ಸಂದರ್ಶಕರ ದಾರಿಯಲ್ಲಿ ನಡೆಯುತ್ತಾ ನಾವು ಕೆಲಸದ ಒಂದೊಂದೇ ಹಂತವನ್ನು ನೋಡಿದೆವು.

ನಾನು ಅತಿ ಹೆಚ್ಚು ಹೊತ್ತು ನಿಂತದ್ದು ತಂತಿ ಬಾಗಿಸುವ ಮೇಜಿನ ಬಳಿ. ಐವತ್ತು ದಾಟಿದ ಒಬ್ಬ ಹೆಂಗಸು ಚಪ್ಪಟೆಯಾದ ತಾಮ್ರದ ತಂತಿಯನ್ನು ಚಿಮಟದಲ್ಲಿ ಹಿಡಿದು ಬಾವಲಿಯ ರೆಕ್ಕೆ ಮಾಡುತ್ತಿದ್ದರು. ಮೊದಲು ಒಂದು ಸುರುಳಿ, ಅಲ್ಲಿಂದ ಒಳಕ್ಕೆ ಮೂರು ಸಣ್ಣ ಬಳುಕು, ತುದಿಯಲ್ಲಿ ಮತ್ತೆ ಒಂದು ಸುರುಳಿ. ತಂತಿಯ ಕೊನೆ ಮೊದಲಿಗೆ ಬಂದು ಕೂಡಿದಾಗ ಒಂದು ರೆಕ್ಕೆ ಮುಗಿಯಿತು. ಅದನ್ನು ಒಂದು ಬಗೆಯ ನೆಲ ಆರ್ಕಿಡ್‌ನ ಗೆಡ್ಡೆಯಿಂದ ಮಾಡಿದ ಅಂಟಿನಲ್ಲಿ ಅದ್ದಿ, ತಾಮ್ರದ ಹೂಜಿಯ ಮೈಮೇಲೆ ಅಂಚಿನ ಮೇಲೆ ನಿಲ್ಲಿಸಿದರು. ಮಲಗಿಸಿದ್ದಲ್ಲ, ನಿಲ್ಲಿಸಿದ್ದು, ಹೀಗಾಗಿ ಪ್ರತಿ ಆಕೃತಿಯೂ ಗೋಡೆ ಇರುವ ಪುಟ್ಟ ತೊಟ್ಟಿಯಾಗುತ್ತದೆ. ಆಮೇಲೆ ಬೆಳ್ಳಿ ಬೆರೆತ ಬೆಸುಗೆಪುಡಿ ಉದುರಿಸಿ ಕಾಯಿಸಿದರೆ ಅಂಟು ಸುಟ್ಟುಹೋಗಿ ತಂತಿ ತಾಮ್ರಕ್ಕೆ ಕಚ್ಚಿಕೊಳ್ಳುತ್ತದೆ. "ಎಳೆ ರಂಗೋಲಿ ಹಾಕಿ ಬಣ್ಣ ತುಂಬೋ ಹಾಗೇ ಅಲ್ವಾ" ಎಂದಳು ನನ್ನ ಹೆಂಡತಿ, ಮತ್ತು ಆ ಹೋಲಿಕೆಗಿಂತ ಸರಿಯಾದದ್ದು ನನಗೆ ಹೊಳೆಯಲಿಲ್ಲ. ನನಗೆ ನೆನಪಾದದ್ದು ಬೀದರಿನ ಬಿದ್ರಿ ಕೆಲಸ. ಅಲ್ಲಿ ಲೋಹದ ಮೈಯನ್ನು ಕೆತ್ತಿ ಬೆಳ್ಳಿಯ ತಂತಿಯನ್ನು ಹಳ್ಳದೊಳಗೆ ಇಳಿಸುತ್ತಾರೆ, ಆಮೇಲೆ ಹಿನ್ನೆಲೆ ಕಪ್ಪಾಗುತ್ತದೆ. ಇಲ್ಲಿ ತಂತಿ ಮೇಲೆದ್ದು ನಿಂತು ತನ್ನ ಸುತ್ತ ಬಣ್ಣವನ್ನು ಕಾಯುತ್ತದೆ.

ಬಣ್ಣವೆಂದರೆ ನುಣ್ಣಗೆ ಅರೆದ ಗಾಜು. ತೇವದ ಪುಡಿಯನ್ನು ಒಂದೊಂದೇ ಮನೆಗೆ ತುಂಬಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಸುಡುವ ಮುಂಚೆ ಮಂಕಾದ ಮಣ್ಣಿನಂತಿದ್ದದ್ದು ಒಲೆಯಿಂದ ಕೆಂಡವಾಗಿ ಹೊರಬಂದು, ಆರುತ್ತಾ ಆರುತ್ತಾ ನೀಲಿಯಾಗುತ್ತದೆ. ಕರಗಿದ ಪುಡಿ ಕುಸಿಯುವುದರಿಂದ ಮತ್ತೆ ತುಂಬಬೇಕು, ಮತ್ತೆ ಸುಡಬೇಕು, ಹೀಗೆ ಮೂರು ನಾಲ್ಕು ಸಲ. ಕೊನೆಗೆ ನೀರು ಹರಿಸುತ್ತಾ ಉಜ್ಜಿ ಮಟ್ಟಮಾಡಿ ತಂತಿಗೆ ಚಿನ್ನದ ಲೇಪ ಕೊಡುತ್ತಾರೆ.

ಇಲ್ಲಿಯೇ ನನಗೊಂದು ವಿಷಯ ತಿಳಿಯಿತು. ಹಳೆಯ ಹೂಜಿಗಳ ಮೇಲೆ ಅಂಗೈಯಗಲದ ಖಾಲಿ ಜಾಗವೂ ಇರುವುದಿಲ್ಲ. ಡ್ರ್ಯಾಗನ್ನಿನ ಸುತ್ತ ಮೋಡ, ಮೋಡದ ಸುತ್ತ ಸುರುಳಿ, ಸುರುಳಿಯ ನಡುವೆ ಬಾವಲಿ. ಇದು ಕೇವಲ ಅಲಂಕಾರದ ಹುಚ್ಚೆಂದು ನಾನು ತಿಳಿದಿದ್ದೆ. ತಾಮ್ರವೂ ಗಾಜೂ ಕಾವಿಗೆ ಒಂದೇ ಸಮನಾಗಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ, ನಡುವೆ ಹಿಡಿತವಿಲ್ಲದ ದೊಡ್ಡ ಎನಾಮೆಲ್ ಹರವು ಬಿರುಕು ಬಿಡುವ ಅಪಾಯವಿದೆ. ಆ ಮೋಡ, ಸುರುಳಿ, ಬಾವಲಿಗಳ ತಂತಿಗಳೇ ಅದನ್ನು ಹಿಡಿದು ನಿಲ್ಲಿಸುವ ಗೂಟಗಳು. ಭಾಗ್ಯದ ಬಾವಲಿ ಶುಭವನ್ನು ಸಾರುವುದರ ಜೊತೆಗೆ ಕೂಲಿ ಕೆಲಸವನ್ನೂ ಮಾಡುತ್ತದೆ. ಯಾವ ಪ್ರಾಣಿಗಳು ಈ ಕಲೆಗೆ ಒಗ್ಗುತ್ತವೆ ಎಂಬುದನ್ನೂ ತಂತಿಯೇ ನಿರ್ಧರಿಸುತ್ತದೆಂದು ನನಗನ್ನಿಸಿತು. ಮೀನಿನ ಹುರುಪೆ, ಡ್ರ್ಯಾಗನ್ನಿನ ಚಿಪ್ಪು, ಸಾರಸದ ಗರಿ ಇವೆಲ್ಲ ಹುಟ್ಟಿನಿಂದಲೇ ಮನೆಮನೆಯಾಗಿ ಇರುವಂಥವು. ಬೆಕ್ಕಿನ ಮೃದುವಾದ ರೋಮವನ್ನು ಮಾತ್ರ ಯಾವ ತಂತಿಯೂ ಹಿಡಿಯಲಾರದು.

ಅಲ್ಲಿನ ಸಂಗ್ರಹಾಲಯದಲ್ಲಿ ಮಗಳು ಹೇಳಿದ ಒಂದು ಕಥೆ ಈ ಕಾಲಕ್ಕೆ ಸೇರಿದ್ದು. 1950ರ ಸುಮಾರಿಗೆ ಈ ಕಸುಬು ಸಾಯುವ ಸ್ಥಿತಿಯಲ್ಲಿದ್ದಾಗ, ಚಿಂಗ್‌ಹುವಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪಿ ದಂಪತಿಗಳಾದ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯ್‌ಯಿನ್ ಹೊಸ ವಿನ್ಯಾಸಗಳ ಮೂಲಕ ಅದನ್ನು ಉಳಿಸಲು ಮುಂದಾದರು. 1924ರಲ್ಲಿ ರವೀಂದ್ರನಾಥ ಟಾಗೋರರು ಚೀನಾಕ್ಕೆ ಬಂದಾಗ ಅವರ ಜೊತೆಗಿದ್ದು ದುಭಾಷಿಯಾಗಿ ನೆರವಾದ ತರುಣಿ ಇದೇ ಲಿನ್ ಹುಯ್‌ಯಿನ್. 1952ರಲ್ಲಿ ಬೀಜಿಂಗಿನಲ್ಲಿ ನಡೆದ ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶಗಳ ಶಾಂತಿ ಸಮ್ಮೇಳನದ ಉಡುಗೊರೆಗಳನ್ನು ಅವರ ತಂಡ ರೂಪಿಸಿತು. ಡುನ್‌ಹುವಾಂಗ್ ಎಂಬಲ್ಲಿನ ಪ್ರಾಚೀನ ಬೌದ್ಧ ಗುಹೆಗಳ ಚಿತ್ರಗಳ ನಡುವೆ ಬೆಳೆದ, ಆ ತಂಡದ ಛಾಂಗ್ ಶಾನಾ ಆ ಚಿತ್ರಗಳ ಧಾಟಿಯಲ್ಲೇ ಪಾರಿವಾಳಗಳನ್ನು ಬರೆದರು. ಆಗಲೇ ಕ್ಷಯರೋಗದಿಂದ ಹಾಸಿಗೆ ಹಿಡಿದಿದ್ದ ಲಿನ್ 1955ರಲ್ಲಿ ತೀರಿಕೊಂಡರು. ನಾನು ಮಗಳನ್ನು ಕೇಳಿದೆ: ಪಾರಿವಾಳದ ಶ್ಲೇಷೆ ಏನು? ಅವಳು ಸ್ವಲ್ಪ ಯೋಚಿಸಿ, "ಇದರಲ್ಲಿ ಶ್ಲೇಷೆ ಇಲ್ಲಪ್ಪ" ಎಂದಳು. ಶಾಂತಿಯ ಪಾರಿವಾಳ ಹೊರಗಿನಿಂದ ಬಂದ ಅರ್ಥ. ಅದನ್ನು ಕಣ್ಣಿನಿಂದ ನೋಡಿದರೆ ಸಾಕು.

ಹೊರಡುವಾಗ ಕಾರ್ಖಾನೆಯ ಮಳಿಗೆಯಲ್ಲಿ ಒಂದು ಬಟ್ಟಲನ್ನು ಕೈಗೆತ್ತಿಕೊಂಡೆ. ಅದು ನದಿಯ ಕಲ್ಲಿನಂತೆ ತಣ್ಣಗೆ, ಭಾರವಾಗಿ ಇತ್ತು. ಚೀಲದಲ್ಲಿದ್ದ ನನ್ನ ಆನೆಯನ್ನು ಮುಟ್ಟಿ ನೋಡಿದೆ: ಬೆಚ್ಚಗಿತ್ತು, ಹಗುರವಾಗಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಬಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೇಲೆ ರಾಳ ಹೊಯ್ದ, ಬೆಂಕಿಯನ್ನೇ ಕಾಣದ ಆನೆ ಅದು. ಮಗಳು ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೇ ಚೆನ್ನಾಗಿತ್ತು.

ಮೂರನೆಯ ದಿನ, ಮಂಗಳವಾರ

ಅರಮನೆಯ ಟಿಕೆಟ್ಟನ್ನು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಚೆಯೇ ಕಾದಿರಿಸಬೇಕು. ಚಳಿಗಾಲದ ದರ 40 ಯುವಾನ್. ದಕ್ಷಿಣದ ವೂಮೆನ್ ಬಾಗಿಲಿನಿಂದ ಒಳಹೊಕ್ಕು, ಅಗಲವಾದ ಅಂಗಳಗಳನ್ನು ದಾಟಿ, ಅಮೃತಶಿಲೆಯ ಮೂರು ಜಗತಿಗಳನ್ನು ಹತ್ತಿದರೆ ತಾಯ್‌ಹದಿಯನ್ ಎಂಬ ಮಹಾಸಭಾಂಗಣ. ಒಳಗೆ ಬಿಡುವುದಿಲ್ಲ. ತೆರೆದ ಬಾಗಿಲಿನ ಮುಂದೆ ನೂರಾರು ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಮ್ಮೂರಿನಲ್ಲಿ ಗರ್ಭಗುಡಿಯ ಮುಂದೆ ಮಂಗಳಾರತಿಯ ಹೊತ್ತಿಗೆ ಆಗುವ ನೂಕಾಟವನ್ನು ಬಲ್ಲ ನನ್ನ ಹೆಂಡತಿ ಭುಜವನ್ನು ಸ್ವಲ್ಪ ಓರೆ ಮಾಡಿ ಎರಡೇ ನಿಮಿಷದಲ್ಲಿ ಕಟಕಟೆಯ ಬಳಿ ನಿಂತಳು. ನಾವು ಅವಳ ಹಿಂದೆ ಸೇರಿಕೊಂಡೆವು.

ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಚಿನ್ನದ ಡ್ರ್ಯಾಗನ್‌ಗಳು ಸುತ್ತಿಕೊಂಡ ಆರು ಕಂಬಗಳು, ನಡುವೆ ಎತ್ತರದ ಪೀಠ, ಅದರ ಮೇಲೆ ಸಿಂಹಾಸನ. ಸಿಂಹಾಸನದ ಎರಡು ಪಕ್ಕಗಳಲ್ಲಿ ಜೋಡಿ ಜೋಡಿಯಾಗಿ ಎನಾಮೆಲ್ ಪ್ರಾಣಿಗಳು ನಿಂತಿವೆ: ಆನೆ, ಲೂದುವಾನ್ ಎಂಬ ಕಲ್ಪಿತ ಮೃಗ, ಸಾರಸ, ಮತ್ತು ಅವುಗಳ ಜೊತೆಗೆ ಧೂಪದ ಮಂಟಪಗಳು.

ಆನೆಯ ಬೆನ್ನ ಮೇಲೆ ಹೂಜಿ ಇತ್ತು. ನಾನು ಮೋಸಹೋಗಿ ಕೊಂಡದ್ದು ಈ ಆನೆಯ ಮರಿಯನ್ನೇ ಎಂದು ಆಗ ಗೊತ್ತಾಯಿತು. ಹೂಜಿಗೆ 'ಪಿಂಗ್', ಶಾಂತಿ ಎಂಬುದಕ್ಕೂ 'ಪಿಂಗ್'. ಆನೆಗೆ 'ಶಿಯಾಂಗ್', ಚಿಹ್ನೆ ಅಥವಾ ಕುರುಹು ಎಂಬುದಕ್ಕೂ ಅದೇ 'ಶಿಯಾಂಗ್'. ಎರಡೂ ಸೇರಿದರೆ 'ತಾಯ್‌ಪಿಂಗ್ ಯೌ ಶಿಯಾಂಗ್': ಲೋಕದಲ್ಲಿ ಮಹಾಶಾಂತಿಯ ಕುರುಹು ಕಾಣುತ್ತಿದೆ. ಒಂದು ಇಡೀ ರಾಜಕೀಯ ಘೋಷಣೆಯನ್ನು ಒಂದು ಅಕ್ಷರವನ್ನೂ ಬರೆಯದೆ ದೊರೆಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಬೀಜಿಂಗಿನ ಆಸ್ಥಾನಕ್ಕೆ ನಿಜವಾದ ಆನೆಗಳೂ ಇದ್ದವು. ಬರ್ಮಾ, ವಿಯೆಟ್ನಾಂ ಕಡೆಯಿಂದ ಕಪ್ಪವಾಗಿ ಬಂದ ಅವುಗಳ ಲಾಯ ಶುವಾನ್‌ವುಮೆನ್ ಬಾಗಿಲಿನ ಹತ್ತಿರವಿತ್ತು. ಬೇಸಿಗೆಯಲ್ಲಿ, ಆರನೆಯ ಚಾಂದ್ರಮಾಸದ ಆರನೆಯ ದಿನ, ಅವುಗಳನ್ನು ಕಂದಕಕ್ಕೆ ಇಳಿಸಿ ಮೀಯಿಸುವುದನ್ನು ನೋಡಲು ಊರಿಗೆ ಊರೇ ಸೇರುತ್ತಿತ್ತಂತೆ. ದಸರಾ ಆನೆಗಳು ಅರಮನೆಯ ಆವರಣಕ್ಕೆ ಬಂದಾಗ ನಾವು ಮಾಡುವುದೂ ಅದನ್ನೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂದುವಾನ್. ಸಿಂಹದ ಮೋರೆ, ನೆತ್ತಿಯ ಮೇಲೆ ಒಂದೇ ಕೊಂಬು, ನಾಲ್ಕು ಗಟ್ಟಿ ಕಾಲು. ಇಂಥವು ಬಹುಮಟ್ಟಿಗೆ ಧೂಪದ ಪಾತ್ರೆಗಳು. ತಲೆಯನ್ನು ಮುಚ್ಚಳದಂತೆ ತೆರೆದು ಒಳಗೆ ಧೂಪ ಹಾಕಿದರೆ ಬಾಯಿಂದ ಹೊಗೆ ಬರುತ್ತದೆ. ಇದು ದಿನಕ್ಕೆ 18,000 'ಲೀ' (ಒಂದು ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರ್) ದೂರ ನಡೆಯಬಲ್ಲದೆಂದೂ ನಾಲ್ಕು ದಿಕ್ಕಿನ ಎಲ್ಲ ಭಾಷೆಗಳನ್ನು ಬಲ್ಲದೆಂದೂ ಪ್ರತೀತಿ. ಯುವಾನ್ ವಂಶದ ಅಧಿಕೃತ ಇತಿಹಾಸದಲ್ಲಿ ಇದರದೇ ಒಂದು ಪ್ರಸಂಗವಿದೆ: ಚೆಂಗೀಸ್ ಖಾನ್ 1224ರಲ್ಲಿ ದಂಡೆತ್ತಿ ಬರುತ್ತಾ 'ಪೂರ್ವ ಇಂಡಿಯಾ'ದ ಹತ್ತಿರ ಕಬ್ಬಿಣದ ಬಾಗಿಲು ಎಂಬ ಕಣಿವೆದಾರಿಯಲ್ಲಿ ಬೀಡುಬಿಟ್ಟಿದ್ದಾಗ, ಜಿಂಕೆಯ ಮೈ, ಕುದುರೆಯ ಬಾಲ, ಹಸಿರು ಬಣ್ಣ, ಒಂಟಿಕೊಂಬಿನ ಮೃಗವೊಂದು ಕಾವಲಿನವರ ಮುಂದೆ ಬಂದು, ನಿಮ್ಮ ಒಡೆಯ ಬೇಗ ಹಿಂದಿರುಗಲಿ ಎಂದು ಮನುಷ್ಯರ ಮಾತಿನಲ್ಲಿ ಹೇಳಿತಂತೆ. ಮಂತ್ರಿ ಯೆಲು ಚುಚಾಯ್ ಅದು ಕೊಲೆಯನ್ನು ಒಲ್ಲದ, ಎಲ್ಲ ಭಾಷೆ ಬಲ್ಲ ಮೃಗವೆಂದು ವಿವರಿಸಿದ ಮೇಲೆ ಖಾನ್ ದಂಡನ್ನು ಹಿಂದಕ್ಕೆ ತಿರುಗಿಸಿದನೆಂದು ಕಥೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಸೈನ್ಯಕ್ಕೆ ನಮ್ಮ ಸೆಖೆ ತಾಳದೆ ಹೋಗಿರಬಹುದು. ಆದರೂ ಇಂಡಿಯಾದ ಹೊಸ್ತಿಲಿನಲ್ಲಿ ನಿಂತು ಚೆಂಗೀಸ್ ಖಾನನನ್ನು ತಡೆಯಿತೆಂಬ ಹೆಸರುಳ್ಳ ಪ್ರಾಣಿಯನ್ನು ಅಷ್ಟು ದೂರದಿಂದ ಹೋಗಿ ನೋಡಿದಾಗ ನಮಸ್ಕಾರ ಮಾಡಬೇಕೆನ್ನಿಸಿತು. ಎಲ್ಲ ಭಾಷೆ ಬಲ್ಲದೆಂದ ಮೇಲೆ ಅದಕ್ಕೆ ಕನ್ನಡವೂ ಬರುತ್ತಿರಲೇಬೇಕು. ಮೆಲ್ಲಗೆ ಒಂದು ಮಾತು ಹೇಳಿಯೇ ಮುಂದಕ್ಕೆ ಬಂದೆ.

ಸಾರಸಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ, ಅದು ದೀರ್ಘಾಯುಷ್ಯ. ಡ್ರ್ಯಾಗನ್ನಿನ ಕಾಲಿನಲ್ಲಿ ಮಾತ್ರ ಉಗುರುಗಳನ್ನು ಎಣಿಸಬೇಕು: ಐದು ಉಗುರಿನದು ಚಕ್ರವರ್ತಿಗೆ ಮೀಸಲು.

ಮಧ್ಯಾಹ್ನ ಬಿಸಿಲಿಗೆ ಮೈಯೊಡ್ಡಿ ಕೂತಾಗ ಮಗಳು ಉಳಿದ ಪ್ರಾಣಿಗಳ ಪಾಠ ಮಾಡಿದಳು. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತನಾದ ನನಗೆ ಇವು ಬಹಳ ಹಿಡಿಸಿದವು. ಜಿಂಕೆಗೆ 'ಲೂ', ಅಧಿಕಾರಿಯ ಸಂಬಳಕ್ಕೂ 'ಲೂ'. ದೊಡ್ಡ ಸಿಂಹ ಮತ್ತು ಮರಿಸಿಂಹ ಜೊತೆಗಿದ್ದರೆ ತಂದೆ ಮಗ ಇಬ್ಬರೂ ಆಸ್ಥಾನದಲ್ಲಿ ರಾಜಗುರುವಿನ ಹುದ್ದೆಗೇರಲಿ ಎಂಬ ಹಾರೈಕೆ, ಏಕೆಂದರೆ ಸಿಂಹಕ್ಕೂ ಗುರುವಿಗೂ 'ಶಿ' ಎಂದೇ ಹೆಸರು. ಕುದುರೆಯ ಮೇಲೆ ಕೂತ ಕೋತಿ ಎಲ್ಲಕ್ಕಿಂತ ಮೇಲು: 'ಕುದುರೆಯ ಮೇಲೆ' ಎಂಬ ಮಾತಿಗೆ 'ಈಗಿಂದೀಗಲೇ' ಎಂಬ ಅರ್ಥವೂ ಇದೆ, ಕೋತಿಗಿರುವ 'ಹೌ' ಎಂಬ ಹೆಸರು ಒಂದು ಸಾಮಂತ ಪದವಿಗೂ ಇದೆ, ಅಂದರೆ ಈಗಿಂದೀಗಲೇ ಬಡ್ತಿ. ನನ್ನ ಬಡ್ತಿಯ ಕಡತ ಒಂಬತ್ತು ವರ್ಷ ಮೇಜಿನಿಂದ ಮೇಜಿಗೆ ಸುತ್ತಿದ್ದನ್ನು ನೆನೆದು, ಇಂಥ ಒಂದು ಕೋತಿ ಆಗಲೇ ಕೈಗೆ ಸಿಕ್ಕಿದ್ದರೆ ಎಂದುಕೊಂಡೆ.

ನಾಲ್ಕನೆಯ ದಿನ, ಬುಧವಾರ

ಬೆಳಿಗ್ಗೆ ಪಾನ್‌ಜಿಯಾಯುವಾನ್ ಹಳೆಸಾಮಾನು ಪೇಟೆಗೆ ಹೋದೆವು. ವಾರಾಂತ್ಯದ ಸಂತೆಯ ಗದ್ದಲ ಇರಲಿಲ್ಲ, ಆದರೆ ಎನಾಮೆಲ್‌ಗೇನೂ ಕೊರತೆಯಿರಲಿಲ್ಲ. ತಳವನ್ನು ತಿರುಗಿಸಿ ನೋಡಿದರೆ ಎಷ್ಟೋ ಹೂಜಿಗಳ ಮೇಲೆ ಜಿಂಗ್‌ತಾಯ್ ಆಳ್ವಿಕೆಯ ಮುದ್ರೆ ಇತ್ತು. ಈ ಮುದ್ರೆಯನ್ನು ನಂಬಿದರೆ ಆ ಪಾಪದ ಚಕ್ರವರ್ತಿ ರಾಜ್ಯಭಾರ ಬಿಟ್ಟು ಹಗಲಿರುಳು ಹೂಜಿಯನ್ನೇ ಮಾಡಿಸಿರಬೇಕು. ಅರಮನೆಯ ಸಂಗ್ರಹದಲ್ಲಿರುವ ಜಿಂಗ್‌ತಾಯ್ ಮುದ್ರೆಯ ವಸ್ತುಗಳಲ್ಲಿಯೇ ಹಲವು ಆಮೇಲೆ ಮುದ್ರೆ ಒತ್ತಿಸಿಕೊಂಡವು ಅಥವಾ ಹಳೆಯ ತುಂಡುಗಳನ್ನು ಜೋಡಿಸಿ ಮಾಡಿದವು ಎಂದು ಚೀನೀ ವಿದ್ವಾಂಸರೇ ತೋರಿಸಿದ್ದಾರೆ. ಪೇಟೆಯ ಸರಕಿನ ಮಾತು ಹೇಳುವುದೇ ಬೇಡ. ಗುಲಾಬಿ ಬಣ್ಣವನ್ನು ನೋಡುವುದೂ ಒಂದು ಉಪಾಯ. ಮಿಂಗ್ ಕಾಲದವರು ಕೆಂಪು ಮತ್ತು ಬಿಳಿ ಪುಡಿಯನ್ನು ಬೆರೆಸಿ ಗುಲಾಬಿ ತರಿಸುತ್ತಿದ್ದರು, ಹತ್ತಿರದಿಂದ ನೋಡಿದರೆ ಕಾಳು ಕಾಳಾಗಿ ಕಾಣುತ್ತದೆ. ನಯವಾದ ಗುಲಾಬಿ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಮಿಂಗ್ ಎಂದು ಹೇಳಿ ನಯವಾದ ಗುಲಾಬಿಯನ್ನು ತೋರಿಸಿದ ವ್ಯಾಪಾರಿಗೆ ನಾನು ಕೈಮುಗಿದೆ.

ಕೊನೆಗೆ ಕೊಂಡದ್ದು ಹೊಸದೇ ಆದ, ಹೊಸದೆಂದೇ ಹೇಳಿ ಮಾರಿದ ಒಂದು ಪುಟ್ಟ ತಟ್ಟೆಯನ್ನು. ಎರಡು ಮೀನು ಒಂದನ್ನೊಂದು ಸುತ್ತುತ್ತಿವೆ. ಮೀನಿಗೆ 'ಯೂ', ತುಂಬಿ ಮಿಗುವುದಕ್ಕೂ 'ಯೂ'. ಒಂದು ಮೀನಿನ ಹೊಟ್ಟೆಯ ಬಳಿ ಸೂಜಿಮೊನೆಯಷ್ಟು ಒಂದು ರಂಧ್ರವಿದೆ, ಸುಡುವಾಗ ಗಾಳಿಗುಳ್ಳೆ ಒಡೆದದ್ದು. ನಾನದನ್ನು ಬೇಕೆಂದೇ ಆರಿಸಿಕೊಂಡೆ. ರಾಳಕ್ಕೆ ಆ ತಪ್ಪು ಮಾಡಲು ಬರುವುದಿಲ್ಲ.

ಆ ರಾತ್ರಿಯೇ ಹೊರಟೆವು. ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ, ಸೀರೆಯ ಮಡಿಕೆಯೊಳಗೆ ಕಾಲುಚೀಲದಲ್ಲಿ ಸುತ್ತಿಟ್ಟಿದ್ದ ಆ ನೀಲಿ ಡಬ್ಬಿ ಸಿಕ್ಕಿತು. ಮಗಳು ಹೇಳದೆ ಇಟ್ಟಿದ್ದಳು. ಹೆಂಡತಿ ಅದನ್ನು ಎರಡು ದಿನ ಪೆಟ್ಟಿಗೆಯಲ್ಲೇ ಬಿಟ್ಟು, ಮೂರನೆಯ ದಿನ ಷೋಕೇಸಿನಲ್ಲಿ ನನ್ನ ಸುಳ್ಳು ಆನೆಯ ಪಕ್ಕದಲ್ಲಿ ತಂದಿಟ್ಟಳು. ಪಕ್ಕದ ಮನೆಯವರು ಬಂದು ಇದೇನು ಎಂದು ಕೇಳಿದಾಗ, "ಚಿಟ್ಟೆಗಳು" ಎಂದಳು. ರಾತ್ರಿ ಫೋನಿನಲ್ಲಿ ನಾನು ಮಗಳಿಗೆ ಇದನ್ನು ದೂರಿದೆ.

"ಹಾಗೇ ಹೇಳಲಿ ಬಿಡಿ ಅಪ್ಪ. ಚಿಟ್ಟೆಗೆ 'ದಿಯೆ' ಅಂತಾರೆ. ಎಪ್ಪತ್ತು ಎಂಬತ್ತು ದಾಟಿದ ವಯಸ್ಸಿಗೂ ಅದೇ ಉಚ್ಚಾರಣೆ."

ಸ್ಪೀಕರ್ ಹಾಕಿತ್ತು. ಅಡುಗೆಮನೆಯಿಂದ ಹೆಂಡತಿ, "ಅದನ್ನ ಮೊದಲೇ ಹೇಳಬಾರದಿತ್ತೇನೇ?" ಎಂದಳು.